ಬೆನ್ನುನೋವಿಗೆ ಕೈರೋಪ್ರಾಕ್ಟಿಕ್: ಯಾವ ವಿಧಾನ ಯಾರಿಗೆ, ಆರಿಸಿಕೊಳ್ಳುವುದು ಹೇಗೆ

ಕೈರೋಪ್ರಾಕ್ಟರ್, ಅಂದರೆ ಬೆನ್ನಿನ ಕೀಲುಗಳನ್ನು ಕೈಯಿಂದ ಸರಿಸಿ ಚಿಕಿತ್ಸೆ ಕೊಡುವವರನ್ನು ಹುಡುಕಲು ಕೂತವರಿಗೆ ಮೊದಲು ಎದುರಾಗುವುದು ವಿಧಾನಗಳ ಹೆಸರುಗಳ ರಾಶಿ. ಡೈವರ್ಸಿಫೈಡ್, ಗಾನ್‌ಸ್ಟೆಡ್, ಥಾಂಪ್ಸನ್ ಡ್ರಾಪ್, ಆಕ್ಟಿವೇಟರ್, ಕಾಕ್ಸ್, ಎಸ್‌ಒಟಿ, ನುಕ್ಕಾ. ಒಂದೊಂದು ಕ್ಲಿನಿಕ್ಕೂ ತಾನು ಮಾಡುವುದೇ ಸರಿಯಾದದ್ದು ಎನ್ನುತ್ತದೆ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರುಮಾಡಿದ ಮೇಲೆ, ಕಲಿತು ಹೊರಬಂದ ಒಬ್ಬೊಬ್ಬರೂ ತಮ್ಮ ಕೈಚಳಕಕ್ಕೆ ತಮ್ಮದೇ ಹೆಸರಿಟ್ಟರು. ಧಾರವಾಡದ ಕಡೆಯವರಿಗೆ ಸಂಗೀತದ ಘರಾಣೆ ಎಂದರೆ ಥಟ್ಟನೆ ಅರ್ಥವಾದೀತು: ಗುರು ಬೇರೆ, ಒತ್ತು ಬೇರೆ, ಮೂಲ ಒಂದೇ.

ಹಾಗಾಗಿ ‘ಯಾವುದು ಅತ್ಯುತ್ತಮ’ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕೇಳಿಕೊಳ್ಳಬೇಕಾದದ್ದು ನಿಮ್ಮ ಬೆನ್ನಿಗೆ ಕೈ ಹಾಕಿಸಬಹುದೇ ಎಂದು. ಆಮೇಲೆ ನೋವಿನ ಬಗೆ ಯಾವುದು, ಎಷ್ಟು ಬಲ ತಡೆಯುತ್ತದೆ, ಮಾಡುವವರು ಯಾರು ಎಂಬುದು. ವಿಧಾನದ ಹೆಸರು ಬರುವುದು ಇಷ್ಟೆಲ್ಲ ಆದ ಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇವೆ.

ಒಂದು ಮಾತು ಮೊದಲೇ ಸ್ಪಷ್ಟವಿರಲಿ. ಬೆನ್ನಿನ ಕೀಲುಗಳನ್ನು ಕೈಯಿಂದ ಸರಿಸುವ ಚಿಕಿತ್ಸೆಗೆ ಸೊಂಟನೋವಿನ ಮಟ್ಟಿಗೆ ಪುರಾವೆ ಇದೆ, ಆದರೆ ಅದು ಸಾಧಾರಣ ಮಟ್ಟದ್ದು. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲಿ ಹೊಸ ಸೊಂಟನೋವಿಗೆ ಶಾಖ, ಮಸಾಜ್, ಆಕ್ಯುಪಂಕ್ಚರ್‌ಗಳ ಜೊತೆ ಇದನ್ನೂ ಸೇರಿಸಿದೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಬಿಗಿಯಾಗಿ ಹೇಳಿತು: ವ್ಯಾಯಾಮದ ಜೊತೆಗಾದರೆ ಸರಿ, ಇದೊಂದನ್ನೇ ಮಾಡಿಸುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲೂ ದೀರ್ಘಕಾಲದ ಸೊಂಟನೋವಿಗೆ ಇದೊಂದು ಆಯ್ಕೆ. ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆಗಳನ್ನು ಬೆನ್ನು ಒತ್ತಿ ವಾಸಿಮಾಡುತ್ತೇವೆ ಎನ್ನುವ ಮಾತಿಗೆ ಇಂಥ ಆಧಾರ ಯಾವುದೂ ಇಲ್ಲ.

ಹಂತ 1: ಕೈ ಹಾಕಿಸಲೇಬಾರದ ಬೆನ್ನು

ಕೆಳಗಿನವುಗಳಲ್ಲಿ ಒಂದಿದ್ದರೂ ಕೈರೋಪ್ರಾಕ್ಟರ್ ಹತ್ತಿರ ಹೋಗುವ ಮೊದಲು ವೈದ್ಯರನ್ನು ಕಾಣಬೇಕು. ಮೊದಲ ಎರಡಿಗೆ ಅದೇ ದಿನ, ತುರ್ತು ವಿಭಾಗಕ್ಕೆ.

- ಮೂತ್ರ ಕಟ್ಟಿದೆ ಅಥವಾ ಗೊತ್ತಿಲ್ಲದೆ ಹೋಗುತ್ತಿದೆ. ಮಲದ ಹಿಡಿತ ತಪ್ಪಿದೆ. ಕುಳಿತಾಗ ಕುರ್ಚಿಗೆ ತಾಗುವ ಭಾಗ, ತೊಡೆಗಳ ಸಂದು ಮರಗಟ್ಟಿದೆ. ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣ ಇದು. ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು.
- ಪಾದ ಎತ್ತಲಾಗುತ್ತಿಲ್ಲ, ಚಪ್ಪಲಿ ಕಾಲಿನಿಂದ ಜಾರುತ್ತಿದೆ, ಕಾಲಿನ ಕಸುವು ದಿನದಿಂದ ದಿನಕ್ಕೆ ಇಳಿಯುತ್ತಿದೆ.
- ಜ್ವರ, ಕಾರಣವಿಲ್ಲದೆ ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿನೋವು, ಹಿಂದೆ ಎಂದಾದರೂ ಕ್ಯಾನ್ಸರ್.
- ಬಿದ್ದ ಮೇಲೆ ಅಥವಾ ಅಪಘಾತದ ಮೇಲೆ ಶುರುವಾದ ನೋವು. ಎಪ್ಪತ್ತು ದಾಟಿದವರಿಗೆ ಬಾತ್‌ರೂಮಿನಲ್ಲಿ ಜಾರಿ ಕುಸಿದದ್ದೂ ಅಪಘಾತವೇ.
- ಮೂಳೆ ಸವೆತ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಝಟಕಾ ಕೊಡುವ ಯಾವ ವಿಧಾನವೂ ಬೇಡ. ಸ್ಟೆರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡವರು ಸ್ಕ್ಯಾನ್ ಮಾಡಿಸದೆ ಹೋಗಬಾರದು.
- ರಕ್ತ ತೆಳುವಾಗಿಸುವ ಮಾತ್ರೆ, ಬೆನ್ನಿನಲ್ಲಿ ಸ್ಕ್ರೂ ಅಥವಾ ರಾಡ್, ರೂಮಟಾಯ್ಡ್ ಸಂಧಿವಾತ. ಕೊನೆಯದರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಬಿಗಿ ಸಡಿಲವಾಗಿರಬಹುದು. ಕುತ್ತಿಗೆ ತಿರುಚುವುದು ಅಪಾಯ.

ಭಾರತದವರು ಇನ್ನೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಬೆನ್ನುಮೂಳೆಯ ಕ್ಷಯ. ಅಮೆರಿಕದಲ್ಲಿ ಬರೆದ ಪಟ್ಟಿಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಸಂಜೆ ಹೊತ್ತಿಗೆ ಸಣ್ಣ ಜ್ವರ, ಹಸಿವಿಲ್ಲ, ಬೆನ್ನಿನ ಒಂದೇ ಮೂಳೆಯ ಮೇಲೆ ಬೆರಳಿಟ್ಟರೆ ನೋವು, ವಾರಗಳಿಂದ ಇದೇ ಪಾಡು ಎಂದಾದರೆ ಎಂಆರ್‌ಐ ಮತ್ತು ರಕ್ತಪರೀಕ್ಷೆ ಆಗದೆ ಬೆನ್ನನ್ನು ಯಾರಿಗೂ ಕೊಡಬೇಡಿ. ಕ್ಷಯ ತಿಂದ ಮೂಳೆ ಒಂದೇ ಒತ್ತಿಗೆ ಕುಸಿಯಬಹುದು. ಊರಿಗೆ ಬಂದು ಹೋಗುವ ಅನಿವಾಸಿಗಳೂ ಅಲ್ಲಿನ ಚಿಕಿತ್ಸಕರಿಗೆ ಈ ಸಾಧ್ಯತೆಯನ್ನು ತಾವಾಗಿಯೇ ಹೇಳುವುದು ಒಳ್ಳೆಯದು. ಅವರಿಗೆ ಅದು ಹೊಳೆಯದೇ ಹೋಗಬಹುದು.

ಯುವಕರಲ್ಲಿ ಮತ್ತೊಂದಿದೆ. ವಯಸ್ಸು ನಲವತ್ತರ ಒಳಗೆ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿ, ಓಡಾಡಿದರೆ ಹಗುರ, ವಿಶ್ರಾಂತಿ ತೆಗೆದುಕೊಂಡರೆ ಜಾಸ್ತಿ, ನಸುಕಿನಲ್ಲಿ ನೋವಿಗೆ ಎಚ್ಚರ. ಇದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು, ಅಂದರೆ ಉರಿಯೂತದಿಂದ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ಇದಕ್ಕೆ ಮದ್ದು ರೂಮಟಾಲಜಿಸ್ಟರ (ಸಂಧಿವಾತ ತಜ್ಞರ) ಬಳಿ ಇದೆ. ಬೆಸೆದುಹೋದ ಬೆನ್ನುಮೂಳೆಗೆ ಝಟಕಾ ಕೊಟ್ಟರೆ ಮುರಿಯುವ ಭಯವೂ ಉಂಟು.

ಹಂತ 2: ನಿಮ್ಮ ನೋವು ಯಾವ ಬಗೆಯದು

ಮನೆಯಲ್ಲೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆಗಳಿವೆ. ರೋಗನಿರ್ಣಯಕ್ಕೆ ಇವು ಸಾಲವು, ಆದರೆ ಚಿಕಿತ್ಸಕರ ಎದುರು ಕೂತಾಗ ‘ಎಲ್ಲೋ ನೋಯ್ತದೆ’ ಎನ್ನುವ ಬದಲು ನಿಖರವಾಗಿ ಹೇಳಲು ಬರುತ್ತದೆ.

ಬರಿಗಾಲಲ್ಲಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಒಂದು ಪಾದದ ಮುಂಭಾಗ ನೆಲಕ್ಕೆ ಬೀಳುತ್ತಿದ್ದರೆ ಸೊಂಟದ ನಾಲ್ಕನೇ, ಐದನೇ ನರಬೇರಿನ ಮೇಲೆ ಅನುಮಾನ. ಆಮೇಲೆ ಗೋಡೆಗೆ ಎರಡು ಬೆರಳಿಟ್ಟು ಒಂದೇ ಕಾಲಿನ ತುದಿಗಾಲಲ್ಲಿ ಹತ್ತು ಸಲ ಏಳಿ, ಇನ್ನೊಂದು ಕಾಲಿಗೂ ಅಷ್ಟೇ. ಒಂದು ಕಡೆ ಹತ್ತು ಸಲೀಸು, ಇನ್ನೊಂದು ಕಡೆ ಮೂರಕ್ಕೇ ಸೋತರೆ ಅದರ ಕೆಳಗಿನ ನರಬೇರು. ಎರಡರಲ್ಲಿ ಯಾವುದು ಹೀಗಾದರೂ ಕೈ ಹಾಕಿಸುವ ಮೊದಲು ವೈದ್ಯರಿಗೆ ತೋರಿಸಿ.

ಅಂಗಾತ ಮಲಗಿ, ಮನೆಯವರು ನಿಮ್ಮ ಕಾಲನ್ನು ಮಂಡಿ ಮಡಚದೆ ನಿಧಾನ ಎತ್ತಲಿ. 30ರಿಂದ 70 ಡಿಗ್ರಿಯೊಳಗೆ ಮಂಡಿಯಿಂದ ಕೆಳಕ್ಕೆ ಮಿಂಚಿನಂತೆ ನೋವು ಹರಿದರೆ ನರ ಕೆರಳಿದೆ. ತೊಡೆಯ ಹಿಂದೆ ಬರೀ ಎಳೆತ ಬಂದರೆ ಅದು ಸ್ನಾಯು ಬಿಗಿ. ಇದನ್ನೇ ಸಯಾಟಿಕಾ (ಕಾಲಿಗೆ ಹರಿಯುವ ನರದ ನೋವು) ಎಂದುಕೊಂಡು ಹೆದರುವವರು ಬಹಳ.

ಕೊನೆಗೆ, ನಿಂತು ಹತ್ತು ಸಲ ಮುಂದಕ್ಕೆ ಬಾಗಿ, ಸ್ವಲ್ಪ ಸುಧಾರಿಸಿಕೊಂಡು ಸೊಂಟಕ್ಕೆ ಕೈಯಿಟ್ಟು ಹತ್ತು ಸಲ ಹಿಂದಕ್ಕೆ ಬಾಗಿ. ನೋವು ಎಷ್ಟು ಎನ್ನುವುದಕ್ಕಿಂತ ಎಲ್ಲಿಗೆ ಸರಿಯಿತು ಎಂಬುದನ್ನು ನೋಡಿ. ಮೀನಖಂಡದಲ್ಲಿದ್ದದ್ದು ತೊಡೆಗೆ, ತೊಡೆಯದ್ದು ಸೊಂಟಕ್ಕೆ ಹಿಂದೆ ಸರಿದರೆ, ಸೊಂಟ ಸ್ವಲ್ಪ ಹೆಚ್ಚೇ ನೋಯಲಿ, ಅದು ಒಳ್ಳೆಯ ಸೂಚನೆ. ಕೆಳಗಿಳಿದರೆ ಆ ದಿಕ್ಕು ನಿಮಗೆ ಸದ್ಯ ಬೇಡ. ಎರಡು ಮೂರು ಸಲಕ್ಕೇ ಕಾಲಿಗೆ ಹರಿಯತೊಡಗಿದರೆ ಹತ್ತು ಮುಗಿಸುವ ಹಟ ಬೇಡ.

ಇಷ್ಟರಿಂದ ಸಾಮಾನ್ಯವಾಗಿ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಬರುತ್ತೀರಿ. ಸೊಂಟ ಹಿಡಿದುಕೊಂಡಿದೆ, ಕಾಲಿಗೆ ಏನೂ ಇಲ್ಲ, ಹಿಂದಕ್ಕೆ ಬಾಗಿದರೆ ಅಥವಾ ಒಂದು ಕಡೆ ತಿರುಗಿದರೆ ಕಚ್ಚುತ್ತದೆ: ಕೀಲು ಮತ್ತು ಸ್ನಾಯುವಿನ ನೋವು. ಕೂತರೆ, ಬಗ್ಗಿದರೆ, ಕೆಮ್ಮಿದರೆ ಮಂಡಿಯ ಕೆಳಗೂ ನೋವು, ಜೋಮು: ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ತೊಂದರೆ. ಅರವತ್ತು ದಾಟಿದೆ, ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ, ಕೂತರೆ ಸಲೀಸು, ಸೂಪರ್‌ಮಾರ್ಕೆಟ್ಟಿನ ಟ್ರಾಲಿಯ ಮೇಲೆ ಬಾಗಿಕೊಂಡರೆ ಎಷ್ಟು ಹೊತ್ತಾದರೂ ನಡೆಯಬಹುದು: ನರದ ಕಾಲುವೆ ಕಿರಿದಾಗಿರುವುದು, ಅಂದರೆ ಸ್ಟೆನೋಸಿಸ್. ಬೆಲ್ಟಿನ ಗೆರೆಯ ಕೆಳಗೆ ಒಂದು ಬದಿ ಬೆರಳಿಟ್ಟು ತೋರಿಸಬಹುದಾದ ನೋವು, ಮಗ್ಗುಲು ಬದಲಿಸುವಾಗ, ಕಾರಿನಿಂದ ಇಳಿಯುವಾಗ ಚುಚ್ಚುತ್ತದೆ, ಹೆರಿಗೆಯಾದವರಲ್ಲಿ ಹೆಚ್ಚು: ಸೊಂಟಮೂಳೆ ಬೆನ್ನುಮೂಳೆಯ ಬುಡದ ತ್ರಿಕಮೂಳೆಗೆ ಸೇರುವ ಎಸ್‌ಐ ಕೀಲು.

ಎಂಆರ್‌ಐ ವರದಿ ಕೈಯಲ್ಲಿದ್ದರೆ ಅದರ ಭಾಷೆಗೆ ಗಾಬರಿಯಾಗಬೇಡಿ. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಹಾಕಿ ನೋಡಿದ 2015ರ ವಿಶ್ಲೇಷಣೆಯಲ್ಲಿ ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಗೆ, ಐವತ್ತರವರಲ್ಲಿ ಶೇ. 80 ಮಂದಿಗೆ ಡಿಸ್ಕ್ ಸವೆದಿತ್ತು. ವರದಿಯಲ್ಲಿರುವ ಮಟ್ಟ, ಬದಿ ನಿಮ್ಮ ನೋವಿಗೆ ಹೊಂದಿದರೆ ಮಾತ್ರ ಅದಕ್ಕೆ ಬೆಲೆ.

ಹಂತ 3: ವಿಧಾನಗಳು, ಬಲದ ಲೆಕ್ಕದಲ್ಲಿ

ಡೈವರ್ಸಿಫೈಡ್ ಎಲ್ಲರೂ ಕಲಿಯುವ, ಎಲ್ಲೆಡೆ ಸಿಗುವ ವಿಧಾನ. ಸೊಂಟಕ್ಕಾದರೆ ಮಗ್ಗುಲಾಗಿ ಮಲಗಿಸುತ್ತಾರೆ: ಕೆಳಗಿನ ಕಾಲು ನೇರ, ಮೇಲಿನ ಮಂಡಿ ಮಡಚಿ. ಒಂದು ಕೈ ಭುಜದ ಕಡೆ, ಇನ್ನೊಂದು ಕೈ ಸಂಬಂಧಪಟ್ಟ ಕೀಲಿನ ಮೇಲೆ. ಕೀಲು ಬಿಗಿಯುವವರೆಗೆ ಒಯ್ದು ಅಲ್ಲಿಂದ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಒಂದು ಚಿಕ್ಕ ಝಟಕಾ. ನೆಟಿಗೆ ಮುರಿದಂತೆ ಲಟಕ್ ಎನ್ನುತ್ತದೆ. ಆ ಶಬ್ದ ಜಾರಿದ ಮೂಳೆ ಸ್ವಸ್ಥಾನಕ್ಕೆ ಕೂತದ್ದಲ್ಲ. ಬೆರಳ ಕೀಲನ್ನು ಎಂಆರ್‌ಐ ಒಳಗೇ ನೆಟಿಗೆ ತೆಗೆದು ಚಿತ್ರಿಸಿದ 2015ರ ಪ್ರಯೋಗದಲ್ಲಿ, ಶಬ್ದದ ಕ್ಷಣಕ್ಕೆ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಹುಟ್ಟಿದ್ದು ಕಂಡಿತು. ಶಬ್ದ ಬರಲಿಲ್ಲ ಎಂದು ಅದೇ ಜಾಗಕ್ಕೆ ಮೂರು, ನಾಲ್ಕು ಸಲ ಕೊಡುವವರ ಹತ್ತಿರ ಎರಡನೇ ಸಲ ಹೋಗಬೇಕಿಲ್ಲ.

ಕಾಲಿಗೆ ಹರಿಯದ ಸೊಂಟನೋವಿಗೆ, ಗಟ್ಟಿಮೂಳೆಯ ಮಧ್ಯವಯಸ್ಕರಿಗೆ ನಮ್ಮ ಮೊದಲ ಆಯ್ಕೆ ಇದೇ. ಕಾರಣವೂ ಇದೆ: 2015ರಲ್ಲಿ ‘ಸ್ಪೈನ್’ ಪತ್ರಿಕೆಯಲ್ಲಿ ಬಂದ 107 ಜನರ ಪ್ರಯೋಗದಲ್ಲಿ, ಕೈಯಿಂದ ಕೊಟ್ಟ ಝಟಕಾ ನಾಲ್ಕು ವಾರದ ಕೊನೆಗೆ ಆಕ್ಟಿವೇಟರ್ ಉಪಕರಣಕ್ಕಿಂತಲೂ ಮಾಮೂಲು ವೈದ್ಯಕೀಯ ಆರೈಕೆಗಿಂತಲೂ ಮುಂದಿತ್ತು. ಆರು ತಿಂಗಳ ಹೊತ್ತಿಗೆ ಆ ಅಂತರ ಉಳಿಯಲಿಲ್ಲ. ವಿಧಾನಗಳನ್ನು ನೇರವಾಗಿ ಎದುರುಬದುರು ನಿಲ್ಲಿಸಿದ ಅಧ್ಯಯನಗಳು ಕಡಿಮೆ, ಆದ್ದರಿಂದ ಈ ಒಂದಕ್ಕೆ ಇಷ್ಟು ಮಹತ್ವ.

ಎಡವುವುದು ಡಿಸ್ಕ್ ನೋವಿನವರಲ್ಲಿ. ಮಗ್ಗುಲ ಭಂಗಿಯಲ್ಲಿ ಸೊಂಟವನ್ನು ಜಾಸ್ತಿ ತಿರುಚಿದರೆ ಕಾಲುನೋವು ಕೆರಳುತ್ತದೆ. ಇದಕ್ಕೊಂದು ಸುಲಭದ ತಡೆ ಉಂಟು: ಝಟಕಾ ಕೊಡುವ ಮುನ್ನ ಅದೇ ಭಂಗಿಯಲ್ಲಿ ಹತ್ತು ಸೆಕೆಂಡು ಹಾಗೇ ಹಿಡಿಯಲು ಹೇಳಿ. ಆ ಹತ್ತು ಸೆಕೆಂಡಿನಲ್ಲಿ ಕಾಲಿಗೆ ನೋವು ಅಥವಾ ಜೋಮು ಇಳಿದರೆ ‘ನಿಲ್ಲಿಸಿ’ ಎನ್ನಿ. ಒಳ್ಳೆಯ ಚಿಕಿತ್ಸಕರು ನೀವು ಕೇಳುವ ಮೊದಲೇ ಇದನ್ನು ಮಾಡುತ್ತಾರೆ.

ಗಾನ್‌ಸ್ಟೆಡ್ ವಿಧಾನ ವಿಸ್ಕಾನ್ಸಿನ್‌ನ ಮೌಂಟ್ ಹೊರೆಬ್ ಎಂಬ ಪುಟ್ಟ ಊರಿನ ಕ್ಲಾರೆನ್ಸ್ ಗಾನ್‌ಸ್ಟೆಡ್‌ರದ್ದು. ಕಣ್ಣಳತೆ, ಚರ್ಮದ ಶಾಖ ಅಳೆಯುವ ಉಪಕರಣ, ನಿಶ್ಚಲ ಬೆನ್ನನ್ನು ಮುಟ್ಟಿ ನೋಡುವುದು, ಚಲಿಸುವಾಗ ಮುಟ್ಟಿ ನೋಡುವುದು, ಎಕ್ಸ್-ರೇ: ಈ ಐದನ್ನು ಕೂಡಿಸಿ ಒಂದೆರಡು ಜಾಗಕ್ಕೆ ಮಾತ್ರ ಕೈ ಹಾಕುತ್ತಾರೆ. ತಿರುಚುವಿಕೆ ಕಡಿಮೆ, ಕುತ್ತಿಗೆಗೆ ಕುರ್ಚಿಯಲ್ಲಿ ಕೂರಿಸಿಯೇ ಮಾಡುವುದು ವಾಡಿಕೆ. ಕೈ ನಿಖರ ಎಂಬುದು ಇದರ ಮೇಲ್ಮೆ. ತಕರಾರು ಎಕ್ಸ್-ರೇ ಬಗ್ಗೆ. ತಲೆಯಿಂದ ಸೊಂಟದವರೆಗಿನ ಪೂರ್ತಿ ಚಿತ್ರವನ್ನು ಬಂದ ಎಲ್ಲರಿಗೂ ತೆಗೆಯುವ ರೂಢಿಯನ್ನು ಒಪ್ಪುವುದು ಕಷ್ಟ. ಅಪಾಯದ ಲಕ್ಷಣ ಇಲ್ಲದಿದ್ದರೆ ಹೊಸ ಸೊಂಟನೋವಿಗೆ ಮೊದಲ ಆರು ವಾರ ಚಿತ್ರ ತೆಗೆಯುವುದು ಬೇಡ ಎಂದು ಅಮೆರಿಕನ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ನೇ 2017ರಲ್ಲಿ ಹೇಳಿದೆ. ಗಾನ್‌ಸ್ಟೆಡ್ ಮಾಡಿಸಿಕೊಳ್ಳಬೇಕೆಂದಿದ್ದರೆ ‘ಎಕ್ಸ್-ರೇ ಇಲ್ಲದೆ ಶುರುಮಾಡುತ್ತೀರಾ’ ಎಂದು ಫೋನಿನಲ್ಲೇ ಕೇಳಿ.

ಥಾಂಪ್ಸನ್ ಡ್ರಾಪ್‌ನಲ್ಲಿ ಕೆಲಸ ಮಾಡುವುದು ಟೇಬಲ್. ಅದರ ಒಂದೊಂದು ತುಂಡನ್ನು ಸ್ವಲ್ಪ ಎತ್ತರಿಸಿ ಕೊಂಡಿ ಹಾಕುತ್ತಾರೆ. ಒತ್ತಿದಾಗ ಆ ತುಂಡು ಧಡ್ ಎಂದು ಒಂದೆರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸದ್ದು ಜೋರು, ಮೈಗೆ ತಗಲುವುದು ಕಡಿಮೆ. ಬೋರಲು ಮಲಗಿಯೇ ಇರುತ್ತೀರಿ, ತಿರುಚುವುದಿಲ್ಲ. ಎಸ್‌ಐ ಕೀಲಿನ ನೋವಿಗೆ, ಮಗ್ಗುಲಾಗಿ ತಿರುಚಿಸಿಕೊಳ್ಳಲು ಹೆದರುವವರಿಗೆ, ದಪ್ಪ ಮೈಯವರಿಗೆ ಇದು ಹೊಂದುತ್ತದೆ. ಗರ್ಭಿಣಿಯರಿಗೆ ಹೊಟ್ಟೆಯ ಜಾಗ ತೆರವಿರುವ ಟೇಬಲ್ ಬೇಕು, ಪ್ರಸೂತಿ ವೈದ್ಯರ ಒಪ್ಪಿಗೆಯೂ ಬೇಕು.

ಆಕ್ಟಿವೇಟರ್ ಎಂದರೆ ಸ್ಪ್ರಿಂಗ್ ಇರುವ, ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ. ಟಕ್ ಎಂದು ತಟ್ಟುತ್ತದೆ, ಅಷ್ಟೇ. ವಯಸ್ಸಾದವರಿಗೆ, ಝಟಕಾ ಎಂದರೆ ಮೈ ಬಿಗಿಹಿಡಿಯುವವರಿಗೆ ಸಮಾಧಾನದ ದಾರಿ. ಆದರೆ ತಟ್ಟುವ ಜಾಗವನ್ನು ಬೋರಲು ಮಲಗಿಸಿ ಎರಡು ಪಾದಗಳ ಉದ್ದ ಹೋಲಿಸಿ ಕಂಡುಹಿಡಿಯುವ ಪದ್ಧತಿಯನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಮಲಗಿದ ರೀತಿ ಸ್ವಲ್ಪ ವಾರೆಯಾದರೂ ಅಳತೆ ಬದಲಾಗುತ್ತದೆ. ‘ನಿಮ್ಮ ಒಂದು ಕಾಲು ಗಿಡ್ಡ’ ಎಂಬ ಮಾತಿಗೆ ನಿದ್ದೆಗೆಡಬೇಕಿಲ್ಲ.

ಡಿಸ್ಕ್ ಮತ್ತು ಸ್ಟೆನೋಸಿಸ್‌ಗೆ ಬೇರೆಯೇ ಲೆಕ್ಕ. ಇಲ್ಲಿ ಕೇಳಬೇಕಾದ ಹೆಸರು ಕಾಕ್ಸ್ ಫ್ಲೆಕ್ಷನ್-ಡಿಸ್ಟ್ರಾಕ್ಷನ್. ಟೇಬಲ್ ಸೊಂಟದ ಮಟ್ಟದಲ್ಲಿ ಎರಡಾಗಿದ್ದು, ಕಾಲಿನ ಭಾಗ ನಿಧಾನವಾಗಿ ಕೆಳಗೆ ಬಾಗುತ್ತದೆ. ಬೋರಲು ಮಲಗಿದ ನಿಮ್ಮ ಬೆನ್ನುಮೂಳೆಯಿಂದ ಹಿಂದಕ್ಕೆ ಮುಳ್ಳಿನಂತೆ ಚಾಚಿದ ಒಂದು ಗಂಟಿನ ಮೇಲೆ ಚಿಕಿತ್ಸಕರ ಅಂಗೈ. ಇನ್ನೊಂದು ಕೈಯಿಂದ ಟೇಬಲ್ ಬಾಗಿಸುತ್ತಾರೆ. ನೋವು ಮಂಡಿಯ ಕೆಳಗೂ ಇದ್ದಾಗ ಅನುಸರಿಸುವ ಕ್ರಮ ಹೀಗಿದೆ: ನಾಲ್ಕು ಸೆಕೆಂಡಿನ ಐದು ಎಳೆತಗಳು, ಅಂದರೆ 20 ಸೆಕೆಂಡಿನ ಒಂದು ಸುತ್ತು, ಇಂಥ ಮೂರು ಸುತ್ತು. ಇದಕ್ಕೂ ಮೊದಲು ಎಳೆತ ತಡೆಯುತ್ತದೆಯೇ ಎಂದು ಪರೀಕ್ಷಿಸಬೇಕು: ಮೊದಲು ಬರೀ ಕೈಯ ಒತ್ತಡ, ಆಮೇಲೆ ಒಂದೊಂದು ಕಾಲಿನ ಗಿಣ್ಣು ಹಿಡಿದು ಎಳೆತ. ಇದರಲ್ಲೇ ಕಾಲಿಗೆ ನೋವು ಹರಿದರೆ ಆ ದಿನ ಎಳೆತ ಇಲ್ಲ. ಈ ಪರೀಕ್ಷೆ ಮಾಡದೆ ನೇರವಾಗಿ ಗಿಣ್ಣಿಗೆ ಪಟ್ಟಿ ಕಟ್ಟಿ ಮೋಟಾರ್ ಒತ್ತಿಬಿಡುವ ಕಡೆ ತೊಂದರೆ ಶುರುವಾಗುತ್ತದೆ. ಟೇಬಲನ್ನು ಮೋಟಾರಿಗೆ ಬಿಟ್ಟು ಪಕ್ಕದ ಕೋಣೆಗೆ ಹೋದರೆ ಅದು ಕಾಕ್ಸ್ ಅಲ್ಲ. ಬೆನ್ನಿನ ಮೇಲೆ ಒಂದು ಕೈ ಕೊನೆಯವರೆಗೂ ಇರಬೇಕು. ನಾಲ್ಕು ವಾರದೊಳಗೆ ಅರ್ಧದಷ್ಟಾದರೂ ಆರಾಮ ಸಿಗದಿದ್ದರೆ ಮುಂದಿನ ಪರೀಕ್ಷೆಗಳಿಗೆ ಕಳಿಸಬೇಕೆಂಬ ನಿಯಮ ಈ ಪದ್ಧತಿಯೊಳಗೇ ಇದೆ. ಬೇರೆ ಪದ್ಧತಿಗಳೂ ಇದನ್ನು ಎರವಲು ಪಡೆದರೆ ಚೆನ್ನಿತ್ತು.

ಮೂಳೆ ಮುಂದಕ್ಕೆ ಜಾರಿರುವ ಸ್ಪಾಂಡಿಲೋಲಿಸ್ತೆಸಿಸ್ ಇದ್ದವರಿಗೆ ಜಾರಿದ ಮೂಳೆಯನ್ನೇ ಹಿಂದಿನಿಂದ ಮುಂದಕ್ಕೆ ಒತ್ತುವ ಝಟಕಾ ಬೇಡವೇ ಬೇಡ. ಕೈ ಹಾಕಿಸುವುದೇ ಆದರೆ ಬಾಗಿಸುವ ವಿಧಾನದಲ್ಲಿ, ಅದೂ ವೈದ್ಯರು ನೋಡಿ ಒಪ್ಪಿದ ಮೇಲೆ.

ಎಸ್‌ಒಟಿಯಲ್ಲಿ ಸೊಂಟದ ಕೆಳಗೆ ಬೆಣೆಯಾಕಾರದ ಎರಡು ದಿಂಬು ಇಟ್ಟು ಕೆಲವು ನಿಮಿಷ ಮಲಗಿಸುತ್ತಾರೆ. ನಿಮ್ಮ ಮೈತೂಕವೇ ಬಲ. ಹಾನಿ ಕಡಿಮೆ, ಪುರಾವೆಯೂ ಕಡಿಮೆ. ನುಕ್ಕಾ ಮತ್ತು ಅದರ ಬಳಗದವು ಕುತ್ತಿಗೆಯ ಮೇಲ್ಮೂಳೆಗೆ ಮಾತ್ರ ಹಗುರ ಒತ್ತಡ ಕೊಡುತ್ತವೆ. ಅಲ್ಲಿ ಸರಿಯಾದರೆ ಸೊಂಟವೂ ಸರಿಯಾಗುತ್ತದೆ ಎಂಬ ಮಾತಿಗೆ ನಂಬಿಕೆ ಬಿಟ್ಟು ಹೆಚ್ಚೇನೂ ಇಲ್ಲ. ಸೊಂಟನೋವಿಗೆ ಇದನ್ನು ಆರಿಸಬೇಡಿ.

ಇನ್ನು ರೀಲ್ಸ್‌ನಲ್ಲಿ ಕಾಣುವ ವೈ-ಸ್ಟ್ರ್ಯಾಪ್. ತಲೆಗೆ ಪಟ್ಟಿ ಹಾಕಿ ದಬಕ್ಕನೆ ಎಳೆದು, ಕಾಲರ್ ಮೈಕಿನಲ್ಲಿ ಹಿಡಿದ ನೆಟಿಗೆ ಸದ್ದನ್ನು ಕೇಳಿಸುವುದು. ನೋಡಲು ಮಜಾ ಇರಬಹುದು, ಚಿಕಿತ್ಸೆಯಾಗಿ ಆರಿಸುವಂಥದ್ದಲ್ಲ.

ಕುತ್ತಿಗೆಗೆ ಬೇರೆ ನಿಯಮ

ಕುತ್ತಿಗೆಯ ಮೂಳೆಗಳ ರಂಧ್ರದೊಳಗಿಂದ ಮೆದುಳಿಗೆ ಹೋಗುವ ಎರಡು ರಕ್ತನಾಳಗಳಿವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆದಾಗ ಜೀವನವೇ ಬದಲಾಗುವಂಥದ್ದು. ಕೆಲವೊಮ್ಮೆ ನಾಳ ಮೊದಲೇ ಹರಿಯತೊಡಗಿ, ಆ ನೋವಿಗೇ ರೋಗಿ ಕೈರೋಪ್ರಾಕ್ಟರ್ ಹತ್ತಿರ ಹೋಗಿರುತ್ತಾರೆ. ಆದ್ದರಿಂದ ಹಿಂದೆಂದೂ ಇಲ್ಲದಂಥ ಕುತ್ತಿಗೆನೋವು ಅಥವಾ ತಲೆನೋವು ಒಮ್ಮೆಲೇ ಬಂದಿದ್ದರೆ, ಜೊತೆಗೆ ತಲೆ ತಿರುಗುವುದು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಕುಸಿದು ಬೀಳುವುದು, ಮುಖದ ಒಂದು ಬದಿ ಜೋಮು ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ.

ಕುತ್ತಿಗೆಗೆ ತಿರುಚುವ ಝಟಕಾ ಇಲ್ಲದ ದಾರಿಗಳು ಸಾಕಷ್ಟಿವೆ: ನಿಧಾನವಾಗಿ ಅತ್ತಿತ್ತ ಆಡಿಸುವ ಮೊಬಿಲೈಸೇಷನ್, ಎದೆಯ ಮಟ್ಟದ ಬೆನ್ನಿಗೆ ಚಿಕಿತ್ಸೆ, ವ್ಯಾಯಾಮ. ಮೊದಲು ಇವನ್ನೇ ಕೇಳಿ. ಕಟಿಂಗ್ ಶಾಪಿನಲ್ಲಿ ಹೆಡ್ ಮಸಾಜ್ ಮುಗಿಸಿ ಕುತ್ತಿಗೆಯನ್ನು ಎರಡೂ ಕಡೆ ಲಟಕ್ ಎನಿಸುವ ನಮ್ಮೂರ ರೂಢಿಯಂತೂ ನಿಲ್ಲಬೇಕು. ಹಾಗೆ ಮಾಡಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಯುವಕನ ಪ್ರಕರಣ 2024ರಲ್ಲಿ ಬಳ್ಳಾರಿಯಿಂದಲೇ ವರದಿಯಾಗಿದೆ.

ಹಂತ 4: ಕೈ ಯಾರದ್ದು

ಅಮೆರಿಕದಲ್ಲಿ ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿ ಮತ್ತು ರಾಜ್ಯದ ಪರವಾನಗಿ ಎರಡೂ ಕಡ್ಡಾಯ. ಆ ರಾಜ್ಯದ ಕೈರೋಪ್ರಾಕ್ಟಿಕ್ ಮಂಡಳಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಆಗಿದೆಯೇ ಎಂಬುದು ಸಿಗುತ್ತದೆ. ಬ್ರಿಟನ್ನಿನಲ್ಲಿ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್‌ನ ನೋಂದಣಿ ಪಟ್ಟಿ ನೋಡಿ. ಪಟ್ಟಿಯಲ್ಲಿಲ್ಲದವರು ಆ ಹೆಸರು ಬಳಸುವುದೇ ಅಲ್ಲಿ ಅಪರಾಧ.

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಶಾಸನಬದ್ಧ ಮಂಡಳಿ ಇಲ್ಲ. ಬೆಂಗಳೂರಿನಲ್ಲಿ ಬೋರ್ಡಿನ ಮೇಲೆ ಈ ಪದ ಕಂಡರೆ, ಒಳಗಿರುವವರು ವಿದೇಶದಲ್ಲಿ ಓದಿ ಬಂದವರೂ ಆಗಿರಬಹುದು, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಆಗಿರಬಹುದು. ಅಳತೆಗೋಲು ಒಂದಿದೆ: ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ ಕನಿಷ್ಠ ತರಬೇತಿ 4,200 ಗಂಟೆ, ಅದರಲ್ಲಿ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ. ‘ಎಲ್ಲಿ ಓದಿದ್ದು, ಎಷ್ಟು ವರ್ಷ’ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ತೃಪ್ತಿ ಕೊಡದಿದ್ದರೆ ಕೈಚಿಕಿತ್ಸೆಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದೇ ಮೇಲು. ಕೀಲು ಆಡಿಸುವುದು ಅವರಿಗೂ ಗೊತ್ತು, ವ್ಯಾಯಾಮ ಹೇಳಿಕೊಡುವುದು ಇನ್ನೂ ಚೆನ್ನಾಗಿ ಗೊತ್ತು.

ಹಂತ 5: ಮೊದಲ ಭೇಟಿ

ಅರ್ಧ ಗಂಟೆಗಿಂತ ಕಡಿಮೆಯ ಮೊದಲ ಭೇಟಿ ಅನುಮಾನಕ್ಕೆ ಎಡೆ. ಮಂಡಿ, ಗಿಣ್ಣಿಗೆ ಸುತ್ತಿಗೆಯಿಂದ ತಟ್ಟಿ ನೋಡಬೇಕು, ಕಾಲು ಎತ್ತಿಸಬೇಕು, ಹೆಬ್ಬೆರಳಿನ ಬಲ ನೋಡಬೇಕು, ಮಾತ್ರೆಗಳ ಪಟ್ಟಿ ಕೇಳಬೇಕು. ಹಾಕುವ ಬಟ್ಟೆ ಸಡಿಲವಿರಲಿ; ಹೊಟ್ಟೆ ತುಂಬ ಉಂಡು ಹೋಗಬೇಡಿ, ಬೋರಲು ಮಲಗಬೇಕಾಗುತ್ತದೆ.

ಅಲ್ಲಿ ಕೇಳಬೇಕಾದದ್ದು ನಾಲ್ಕು ಪ್ರಶ್ನೆ. ನನ್ನ ನೋವಿಗೆ ಕಾರಣ ಏನೆಂದುಕೊಂಡಿದ್ದೀರಿ? ಯಾವ ವಿಧಾನ, ಯಾಕೆ ಅದೇ? ಎಷ್ಟು ಭೇಟಿಯೊಳಗೆ ವ್ಯತ್ಯಾಸ ಕಾಣಬೇಕು? ಕಾಣದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾರೆ. ‘ಇನ್ನಷ್ಟು ಭೇಟಿ’ ಎಂದರೆ ಎದ್ದು ಬನ್ನಿ.

ಎದ್ದು ಬರಲು ಇತರ ಕಾರಣಗಳೂ ಇವೆ. ಇವತ್ತೇ ದುಡ್ಡು ಕಟ್ಟಿದರೆ 36 ಭೇಟಿಗೆ ರಿಯಾಯಿತಿ. ‘ನಿಮ್ಮ ಬೆನ್ನು ಎಂಬತ್ತರ ಮುದುಕರದ್ದು’ ಎಂಬ ಹೆದರಿಕೆ. ಎಲ್ಲ ಕಾಯಿಲೆಗೂ ಬೆನ್ನುಮೂಳೆಯ ‘ಸಬ್‌ಲಕ್ಸೇಷನ್’ (ಮೂಳೆ ಸ್ವಸ್ಥಾನದಿಂದ ಕೊಂಚ ಸರಿದಿರುವುದು) ಮೂಲವೆಂಬ ಭಾಷಣ. ಹಾಗೆ ಹೇಳಿಕೊಳ್ಳಲು ಸಂಶೋಧನೆಯ ಆಧಾರವಿಲ್ಲ ಎಂದು ಬ್ರಿಟನ್ನಿನ ಕೌನ್ಸಿಲ್ 2010ರಲ್ಲೇ ತನ್ನವರಿಗೆ ತಿಳಿಸಿದೆ. ವೈದ್ಯರ ಮಾತ್ರೆ ಬಿಡಿ ಎಂಬ ಸಲಹೆ.

ಹಂತ 6: ಆರು ಭೇಟಿಯ ಪರೀಕ್ಷೆ

ವಾರಕ್ಕೆ ಎರಡರಂತೆ ಮೂರು ವಾರ, ಒಟ್ಟು ಆರು ಭೇಟಿ. ಇಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ. ಶುರುವಿಗೆ ಮುನ್ನ ಮೂರು ಅಂಕಿ ಬರೆದಿಡಿ: ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು (ಸೊಂಟ, ಕಾಲು ಬೇರೆಬೇರೆ), ಎಷ್ಟು ನಿಮಿಷ ಕೂರಬಹುದು ಅಥವಾ ನಡೆಯಬಹುದು, ಮಂಡಿ ಮಡಚದೆ ಬಗ್ಗಿದರೆ ಬೆರಳ ತುದಿಗೂ ನೆಲಕ್ಕೂ ಎಷ್ಟು ಸೆಂಟಿಮೀಟರ್. ಮೂರನೆಯ ಅಳತೆಯನ್ನು ದಿನದ ಒಂದೇ ಹೊತ್ತಿನಲ್ಲಿ ತೆಗೆಯಿರಿ. ಬೆಳಿಗ್ಗೆ ಎಲ್ಲರ ಬೆನ್ನೂ ಬಿಗಿಯಾಗಿರುತ್ತದೆ.

ಮೊದಲ ಒಂದೆರಡು ಭೇಟಿಯ ನಂತರ ಸುಮಾರು ಅರ್ಧದಷ್ಟು ಜನರಿಗೆ ಮೈಕೈ ನೋವು, ಸುಸ್ತು ಬರುತ್ತದೆ. ಒಂದೆರಡು ದಿನದಲ್ಲಿ ಹೋಗುತ್ತದೆ, ಗಾಬರಿ ಬೇಡ. ಮೂರು ದಿನ ದಾಟಿದರೆ ಮುಂದಿನ ಸಲ ಬಲ ಕಡಿಮೆ ಮಾಡಿಸಿ ಅಥವಾ ವಿಧಾನ ಬದಲಿಸಿ: ಡೈವರ್ಸಿಫೈಡ್‌ನಿಂದ ಡ್ರಾಪ್‌ಗೆ, ಅಲ್ಲಿಂದ ಆಕ್ಟಿವೇಟರ್‌ಗೆ. ನೋವು ಸೊಂಟದಿಂದ ಕಾಲಿಗೆ ಇಳಿದರೆ, ಹೊಸ ಜೋಮು ಬಂದರೆ, ಕಸುವು ಕಡಿಮೆಯಾದರೆ ಅಲ್ಲಿಗೆ ನಿಲ್ಲಿಸಿ.

ಈ ಮೂರು ವಾರ ದಿನಾ ಅರ್ಧ ಗಂಟೆ ನಡಿಗೆ, ಹಂತ 2ರಲ್ಲಿ ನೋವನ್ನು ಹಿಂದೆ ಸರಿಸಿದ ದಿಕ್ಕಿನ ಬಾಗುವಿಕೆ ದಿನಕ್ಕೆ ನಾಲ್ಕೈದು ಸಲ ಹತ್ತರಂತೆ ಮಾಡಿ. ಸ್ಟೆನೋಸಿಸ್‌ನವರು ನಡಿಗೆಯ ಬದಲು ಸೈಕಲ್ ತುಳಿಯಬಹುದು. ಚಿಕಿತ್ಸೆ ತಂದ ಸಡಿಲಿಕೆ ಒಂದೆರಡು ದಿನದ್ದು. ಅಷ್ಟರೊಳಗೆ ಬೆನ್ನಿಗೆ ಕೆಲಸ ಕೊಡದಿದ್ದರೆ ಆರನೇ ಭೇಟಿಯಲ್ಲೂ ಮೊದಲನೆಯ ದಿನದ ಬಿಗಿಯೇ ಇರುತ್ತದೆ.

ಕೊನೆಗೆ ಅಂಕಿ ನೋಡಿ. ನೋವು ಎರಡು ಅಂಕ ಅಥವಾ ಮೂರನೇ ಒಂದು ಭಾಗ ಇಳಿದಿದ್ದರೆ ಅದು ನಿಜವಾದ ವ್ಯತ್ಯಾಸ: ಇನ್ನು ನಾಲ್ಕಾರು ಭೇಟಿ, ನಡುವಿನ ಅಂತರ ಹಿಗ್ಗಿಸುತ್ತ. ಇಳಿದಿಲ್ಲವೆಂದರೆ ಆ ಕೈಯಿಂದ, ಆ ವಿಧಾನದಿಂದ ಆಗುವುದಿಲ್ಲ. ಡಿಸ್ಕ್‌ನವರಿಗೆ ಮಾತ್ರ ನಾಲ್ಕು ವಾರ ಕೊಡಬಹುದು. ಅವರಲ್ಲಿ ಬಹುಪಾಲು ಜನರ ಕಾಲುನೋವು ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ತಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಸಿಯಾದದ್ದರ ಕೀರ್ತಿ ಪೂರ್ತಿ ಟೇಬಲ್ಲಿಗೆ ಸಲ್ಲಬೇಕಿಲ್ಲ.

ದುಡ್ಡಿನ ವಿಚಾರ

ಅಮೆರಿಕದ ಬಿಲ್ಲಿನಲ್ಲಿ ಮೂರು ಕೋಡ್ ಕಾಣುತ್ತವೆ. 98940 ಎಂದರೆ ಬೆನ್ನಿನ ಒಂದೆರಡು ಭಾಗ, 98941 ಮೂರು ನಾಲ್ಕು ಭಾಗ, 98942 ಐದೂ ಭಾಗ. ಸೊಂಟಕ್ಕೆ ಮಾತ್ರ ಮಾಡಿಸಿಕೊಂಡು 98942 ಬಂದಿದ್ದರೆ ಪ್ರಶ್ನಿಸಿ. ಮಕ್ಕಳ ಜೊತೆ ಅಲ್ಲಿ ನೆಲೆಸಿ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಪಡೆದಿರುವ ಹಿರಿಯರು ತಿಳಿದಿರಬೇಕಾದದ್ದು: ಅದರಲ್ಲಿ ವೈದ್ಯರ ಭೇಟಿಗಳ ಖರ್ಚು ನೋಡುವ ಪಾರ್ಟ್ ಬಿ ಕೊಡುವುದು ಬೆನ್ನುಮೂಳೆಯ ಚಿಕಿತ್ಸೆಗೆ ಮಾತ್ರ. ಕೈರೋಪ್ರಾಕ್ಟರ್ ಬರೆದ ಎಕ್ಸ್-ರೇ, ಮಸಾಜ್, ಆಕ್ಯುಪಂಕ್ಚರ್ ಎಲ್ಲ ಕೈಯಿಂದ. ಡಿಡಕ್ಟಿಬಲ್ (ವಿಮೆ ಶುರುವಾಗುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಮುಗಿದ ಮೇಲೂ ಶೇ. 20 ನಿಮ್ಮದೇ. ನೋವಿಲ್ಲದಾಗ ‘ಮೆಂಟೆನೆನ್ಸ್’ ಎಂದು ಮಾಡಿಸಿದರೆ ಅದೂ ಸಿಗದು. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಬಂದ ತಂದೆತಾಯಿಗೆ ಹಳೆಯ ಸೊಂಟನೋವನ್ನು ಮೊದಲೇ ಇದ್ದ ಕಾಯಿಲೆ ಎಂದು ತಳ್ಳಿಹಾಕುವ ಪಾಲಿಸಿಗಳು ಇರುತ್ತವೆ. ಹೋಗುವ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ.

ನಿಲ್ಲಿಸುವುದಾದರೆ ಬರಿಗೈಯಲ್ಲಿ ಹೊರಬರಬೇಡಿ. ಮಾಡಿದ ವಿಧಾನ, ಯಾವ ಮಟ್ಟದ ಮೂಳೆಗೆ, ಎಷ್ಟು ಭೇಟಿ, ಮೊದಲ ಹಾಗೂ ಕೊನೆಯ ಪರೀಕ್ಷೆಯ ಟಿಪ್ಪಣಿ, ತೆಗೆದ ಎಕ್ಸ್-ರೇ ಸಿಡಿ ಇವುಗಳ ಪ್ರತಿ ಕೇಳಿ ಪಡೆಯಿರಿ. ನಿಮ್ಮ ಮೂರು ಅಂಕಿಯ ಹಾಳೆಯ ಜೊತೆ ಅದನ್ನು ಮೂಳೆ ವೈದ್ಯರಿಗೆ ಕೊಟ್ಟರೆ, ಎಂಆರ್‌ಐ ಬೇಕೋ ಬೇಡವೋ, ಬೇಕಾದರೆ ಯಾವ ಭಾಗದ್ದು ಎಂದು ಅವರು ಅಲ್ಲೇ ಹೇಳಬಹುದು.